ಸೇವೆ ಮಾಡುವವರಿಗೆ ಧೈರ್ಯ ತುಂಬುವವರು ಯಾರು?

ಪ್ರಶ್ನೆ: ಹುಬ್ಬಳ್ಳಿಯ ಸಹೋದರಿ

ಕ್ರಿಸ್ತನಲ್ಲಿ ಎಲ್ಲರಿಗೂ ವಂದನೆಗಳು.

ನಾನು ಹುಬ್ಬಳ್ಳಿಯ ಒಂದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗೆ ಸೇರಿದವಳು. ನಮ್ಮ ಸಭೆಯ ಸ್ತ್ರೀಯರ ಅನ್ಯೋನ್ಯ ಕೂಟದವರು ವಾರಕ್ಕೊಮ್ಮೆ ಇಲ್ಲಿನ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋಗಿ, ಒಳರೋಗಿಗಳನ್ನೂ ಅವರೊಂದಿಗೆ ಬಂದವರನ್ನೂ ಕಂಡು ಮಾತನಾಡಿಸಿ ಬರುವ ಪದ್ಧತಿ ನಮ್ಮ ತಾಯಂದಿರ ಕಾಲದಿಂದ ನಡೆದು ಬಂದಿದೆ. ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ ಕಡೆಯಿಂದ ಬರುವ ಬಡವರೇ ಅಲ್ಲಿ ಹೆಚ್ಚು. ರೋಗಿಗೇನೋ ಮಂಚ ಸಿಗುತ್ತದೆ. ಜೊತೆಗೆ ಬಂದ ಹೆಂಡತಿಯೋ ಮಗನೋ ವರಾಂಡದಲ್ಲಿ ಚಾಪೆ ಹಾಸಿಕೊಂಡು ದಿನ ಕಳೆಯಬೇಕು, ಊರಿನಿಂದ ಕಟ್ಟಿಕೊಂಡು ಬಂದ ರೊಟ್ಟಿ, ಶೇಂಗಾ ಚಟ್ನಿ ತೀರಿದ ಮೇಲೆ ಹೊರಗಿನ ಊಟಕ್ಕೆ ಕೈಯಿಂದ ಹಣ ಹಾಕಬೇಕು. ನಾವು ಒಯ್ಯುವುದು ಹಣ್ಣು, ಬ್ರೆಡ್ಡು, ಸಾಬೂನು, ಚಳಿಗಾಲದಲ್ಲಿ ಕೆಲವು ಹೊದಿಕೆಗಳು. ಆದರೆ ನಿಜವಾಗಿ ನೆರವಾಗುವುದು ಬೇರೆಯೇ ಎಂಬುದು ನನ್ನ ಅನಿಸಿಕೆ: ವೈದ್ಯರು ಬರೆದ ಚೀಟಿಯನ್ನು ಓದಿ ಹೇಳುವುದು, ರಕ್ತ ಪರೀಕ್ಷೆಯ ಕೋಣೆಗೆ ಕರೆದುಕೊಂಡು ಹೋಗುವುದು, ಆಯುಷ್ಮಾನ್ ಕಾರ್ಡಿಗೆ ಬೇಕಾದ ಕಾಗದಪತ್ರಗಳಲ್ಲಿ ಯಾವುದು ಕಡಿಮೆ ಬಿದ್ದಿದೆ ಎಂದು ನೋಡಿಕೊಡುವುದು. ಯಾರಾದರೂ ತಾವಾಗಿ ಕೇಳಿದರೆ ಮಾತ್ರ ಪ್ರಾರ್ಥನೆ ಮಾಡುತ್ತೇವೆ. ಕರಪತ್ರ ಹಂಚುವುದನ್ನು ನಮ್ಮ ಹಿರಿಯರೇ ನಿಲ್ಲಿಸಿದ್ದರು. ಅದು ಸರಿಯಾದ ತೀರ್ಮಾನವೆಂದೇ ನನ್ನ ಭಾವನೆ.

ಮೊದಮೊದಲು ಆಸ್ಪತ್ರೆಯಿಂದ ಮರಳುವಾಗ ಮನಸ್ಸು ಹಗುರವಾಗಿರುತ್ತಿತ್ತು. ಮನೆಯ ಚಿಂತೆಗಳು ಸಣ್ಣವಾಗಿ ಕಾಣುತ್ತಿದ್ದವು, ರಾತ್ರಿಯ ಪ್ರಾರ್ಥನೆಗೆ ಮಾತು ಹುಡುಕಬೇಕಾಗುತ್ತಿರಲಿಲ್ಲ. ಈಚೆಗೆ ಹಾಗಿಲ್ಲ. ಹೋಗುತ್ತೇನೆ, ಹಂಚುತ್ತೇನೆ, ಬರುತ್ತೇನೆ. ಕೂಟದಲ್ಲಿ ಹೆಸರು ಕೊಟ್ಟವರು ಬಹಳ ಮಂದಿಯಿದ್ದರೂ ಚೀಲ ಹಿಡಿದು ಬಸ್ಸು ಹತ್ತುವ ಹೊತ್ತಿಗೆ ಉಳಿಯುವವರು ಒಬ್ಬಿಬ್ಬರು. ಎಷ್ಟೋ ವಾರ ನಾನೊಬ್ಬಳೇ. ರೋಗಿಗಳಲ್ಲಿ ಕೆಲವರು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಳ್ಳುತ್ತಾರೆ. ಕೆಲವರ ಸಂಬಂಧಿಕರು, ನೀವು ಯಾವ ಸಂಸ್ಥೆಯವರು, ಯಾಕೆ ಬರುತ್ತೀರಿ ಎಂದು ಅನುಮಾನದಿಂದಲೇ ಮಾತು ಆರಂಭಿಸುತ್ತಾರೆ. ಕಾಲ ಹಾಗಿದೆ, ಅವರನ್ನು ದೂರುವಂತಿಲ್ಲ. ವರ್ಷದ ಕೊನೆಯಲ್ಲಿ ಸಭೆಯ ವರದಿಗಾಗಿ ಎಷ್ಟು ಭೇಟಿ, ಎಷ್ಟು ಪ್ಯಾಕೆಟ್ಟು ಎಂಬ ಲೆಕ್ಕವನ್ನಷ್ಟೇ ಕೇಳುತ್ತಾರೆ.

ಈ ಆಯಾಸವನ್ನು ಹೇಳಿಕೊಂಡಾಗ ಸಿಗುವ ಉತ್ತರ ಒಂದೇ. ನೀರು ಹಾಯಿಸುವವನಿಗೆ ನೀರು ದೊರೆಯುವುದೆಂದು ಜ್ಞಾನೋಕ್ತಿ 11:25ರಲ್ಲಿ ಇದೆಯಲ್ಲ, ಸೇವೆ ಮಾಡುತ್ತಾ ಹೋಗು, ಉಲ್ಲಾಸ ತಾನಾಗಿ ಬರುತ್ತದೆ ಎನ್ನುತ್ತಾರೆ. ವಚನದ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಆ ನೀರು ಯಾವ ಕಡೆಯಿಂದ ಬರುತ್ತದೆ ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಆದ್ದರಿಂದ ಅನುಭವವುಳ್ಳವರನ್ನು ಕೇಳುತ್ತಿದ್ದೇನೆ. ಕರ್ತನ ಹೆಸರಿನಲ್ಲಿ ಸೇವೆ ಮಾಡುವವಳು ಅದರಿಂದ ತನಗೂ ಧೈರ್ಯ, ಸಮಾಧಾನ ಸಿಗಲಿ ಎಂದು ನಿರೀಕ್ಷಿಸುವುದು ಸ್ವಾರ್ಥವೇ? ಸ್ವಾರ್ಥವಲ್ಲದಿದ್ದರೆ, ನಿಮಗೆ ಅದು ಎಲ್ಲಿ ಸಿಕ್ಕಿತು?

ಉತ್ತರ: ಉಡುಪಿಯ ನಿವೃತ್ತ ಶುಶ್ರೂಷಕಿ

ಪ್ರಿಯ ಸಹೋದರಿಯವರೇ, ನಿಮ್ಮ ಪತ್ರದಲ್ಲಿ ನೀವು ಕೊಡುವ ವಸ್ತುಗಳ ಪಟ್ಟಿಯಿದೆ, ಮಾಡುವ ಉಪಕಾರಗಳ ವಿವರವಿದೆ. ಆ ವಾರ್ಡುಗಳಲ್ಲಿ ಇರುವವರು ನಿಮಗೆ ಏನನ್ನಾದರೂ ಕೊಟ್ಟರೇ ಎಂಬುದರ ಬಗ್ಗೆ ಮಾತ್ರ ಒಂದು ಮಾತೂ ಇಲ್ಲ. ಇದನ್ನು ಆಕ್ಷೇಪವೆಂದು ತಿಳಿಯಬೇಡಿ. ನಮ್ಮ ಸಭೆಗಳಲ್ಲಿ ಸೇವೆಯನ್ನು ಕಲಿಸುವ ರೀತಿಯೇ ಹಾಗಿದೆ: ನಾವು ಕೊಡುವವರು, ಅವರು ತೆಗೆದುಕೊಳ್ಳುವವರು. ನನ್ನ ಅನುಭವದಲ್ಲಿ ಬೇಸರ ಹುಟ್ಟುವ ಜಾಗ ಅದೇ.

ನಾನು ಮಿಷನ್ ಆಸ್ಪತ್ರೆಯಲ್ಲಿ ಸ್ತ್ರೀಯರ ವಾರ್ಡಿನಲ್ಲಿದ್ದ ಕಾಲದಲ್ಲಿ ಶಂಕರಪುರದ ಕಡೆಯ ಒಬ್ಬ ವಯಸ್ಸಾದ ಅಮ್ಮ ಸಕ್ಕರೆ ಕಾಯಿಲೆಯಿಂದ ಕಾಲಿನ ಗಾಯ ಮಾಯದೆ ಬಹಳ ದಿನ ದಾಖಲಾಗಿದ್ದರು. ದಿನವೂ ಡ್ರೆಸ್ಸಿಂಗ್ ಮಾಡುವಾಗ ಅವರು ಕಣ್ಣು ಮುಚ್ಚಿ, ತುಟಿ ಬಿಗಿಹಿಡಿದು ಮಲಗಿರುತ್ತಿದ್ದರು. ನೋವಾಗುತ್ತದೆಯೇ ಎಂದರೆ ಇಲ್ಲ ಎನ್ನುವುದಕ್ಕಿಂತ ಹೆಚ್ಚಿನ ಮಾತಿಲ್ಲ. ಅವರು ಮದುವೆಯಾಗಿ ಬಂದಂದಿನಿಂದ ಮಲ್ಲಿಗೆ ಕಟ್ಟಿ ಬದುಕಿದವರು ಎಂದು ಮಗಳಿಂದ ತಿಳಿಯಿತು. ನಮ್ಮ ಮನೆಯಲ್ಲಿ ಒಂದು ಶುಭಕಾರ್ಯ ಇದ್ದುದರಿಂದ ನಾನು ಒಂದು ಸಂಜೆ ಬಿಡಿ ಮೊಗ್ಗನ್ನೂ ನೆನೆಸಿದ ಬಾಳೆನಾರನ್ನೂ ತಂದು, ಅಮ್ಮಾ, ಇದನ್ನು ಕಟ್ಟಿಕೊಡುತ್ತೀರಾ, ನನಗೆ ಬರುವುದಿಲ್ಲ ಎಂದೆ. ಅವರು ಎದ್ದು ಕುಳಿತು, ದಿಂಬನ್ನು ಬೆನ್ನಿಗೆ ಸರಿಮಾಡಿಕೊಂಡು, ನಾರನ್ನು ಬೆರಳಿನಿಂದ ಸೀಳಿದರು. ಮೊಗ್ಗುಗಳನ್ನು ಜೋಡಿಸುವುದು, ನಾರು ಸುತ್ತುವುದು, ಗಂಟು ಬೀಳುವುದು ಎಲ್ಲವೂ ಒಂದೇ ಚಲನೆಯಲ್ಲಿ ಆಗುತ್ತಿತ್ತು. ನನಗೆ ಕಲಿಸಲು ನೋಡಿದರು. ನನ್ನ ಗಂಟು ಸಡಿಲವಾಗಿ ಹೂವು ಜಾರಿದಾಗ ಇಡೀ ವಾರ್ಡಿಗೆ ಕೇಳಿಸುವಂತೆ ನಕ್ಕರು. ಮರುದಿನ ಡ್ರೆಸ್ಸಿಂಗಿನ ಹೊತ್ತಿಗೆ ಅವರೇ ಮಾತು ತೆಗೆದರು: ಕಾಲು ತೆಗೆದುಬಿಡುತ್ತಾರೆಯೇ, ನಿಜ ಹೇಳು ಎಂದು. ಅಲ್ಲಿಯವರೆಗೆ ಆ ಪ್ರಶ್ನೆಯನ್ನು ಅವರು ಯಾರ ಬಳಿಯೂ ಕೇಳಿರಲಿಲ್ಲ.

ಆ ಸಂಜೆ ಅವರು ನನಗೆ ಕೃತಜ್ಞತೆ ಹೇಳಲಿಲ್ಲ. ಹೇಳಬೇಕಾದವಳು ನಾನಾಗಿದ್ದೆ. ಆದರೆ ರಾತ್ರಿ ಪಾಳಿ ಮುಗಿದ ಮೇಲೂ ಮನಸ್ಸಿನಲ್ಲಿ ಉಳಿಯುವ ಬಲ ನನಗೆ ಸಿಕ್ಕಿದ್ದು ಇಂಥ ಸಂದರ್ಭಗಳಿಂದ; ಮೇಲಧಿಕಾರಿಗಳು ಕೊಟ್ಟ ಪ್ರಶಂಸಾಪತ್ರಗಳಿಂದಲ್ಲ.

ಸಾಯುವವರ ಆರೈಕೆಗೆ ಈ ಕಾಲದಲ್ಲಿ ಹೊಸ ದಾರಿ ತೋರಿದ ಲಂಡನ್ನಿನ ಸಿಸಿಲಿ ಸಾಂಡರ್ಸ್ ಅವರ ವಿಷಯವನ್ನು ಶುಶ್ರೂಷೆಯ ವಿದ್ಯಾರ್ಥಿಗಳಿಗೆ ನಾನು ತಪ್ಪದೆ ಹೇಳುತ್ತಿದ್ದೆ. ಅವರು ದೃಢ ಕ್ರೈಸ್ತ ವಿಶ್ವಾಸಿ. ಮೊದಲು ದಾದಿ, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ಕೊನೆಗೆ ಸ್ವತಃ ವೈದ್ಯೆಯಾದವರು. ಸಮಾಜ ಕಾರ್ಯಕರ್ತೆಯಾಗಿದ್ದಾಗ ಡೇವಿಡ್ ತಾಸ್ಮಾ ಎಂಬ ರೋಗಿಯ ಪರಿಚಯವಾಯಿತು. ಆತ ಪೋಲೆಂಡಿನಿಂದ ಬಂದ ಯೆಹೂದ್ಯ, ಹೋಟೆಲಿನಲ್ಲಿ ಮಾಣಿಯಾಗಿದ್ದವನು, ಲಂಡನ್ನಿನಲ್ಲಿ ತನ್ನವರೆಂಬವರಿಲ್ಲದೆ ಕ್ಯಾನ್ಸರಿನಿಂದ ಸಾಯುತ್ತಿದ್ದವನು. ನೋವಿನಲ್ಲಿರುವವರಿಗಾಗಿ ಎಂಥ ಮನೆ ಬೇಕು ಎಂದು ಇಬ್ಬರೂ ಕೂಡಿ ಮಾತನಾಡುತ್ತಿದ್ದರು. 1948ರಲ್ಲಿ ಸಾಯುವ ಮುನ್ನ ಆತ ತನ್ನಲ್ಲಿದ್ದ 500 ಪೌಂಡುಗಳನ್ನು ಸಾಂಡರ್ಸ್ ಅವರಿಗೆ ಬಿಟ್ಟು, ನಿಮ್ಮ ಮನೆಯಲ್ಲಿ ನಾನೊಂದು ಕಿಟಕಿಯಾಗಿರುತ್ತೇನೆ ಎಂದಿದ್ದ. ಆ ಮನೆ, ಅಂದರೆ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್, ಬಾಗಿಲು ತೆರೆದದ್ದು 1967ರಲ್ಲಿ. ಅಷ್ಟು ದೀರ್ಘ ಕಾಲ ಹಣವಿಲ್ಲದೆ, ಕಟ್ಟಡವಿಲ್ಲದೆ, ಮೊದಲಿನಿಂದ ವೈದ್ಯಶಾಸ್ತ್ರ ಓದಿಕೊಂಡು ಅವರು ಮುಂದುವರಿದದ್ದಕ್ಕೆ ಹಲವು ಕಾರಣಗಳಿದ್ದಿರಬಹುದು. ಆದರೆ ಆರಂಭದ ಕಾಣಿಕೆ ಬಂದದ್ದು ದಾನಿಗಳಿಂದಲ್ಲ, ಅವರೇ ಸೇವೆ ಮಾಡಿದ ಆ ರೋಗಿಯಿಂದ ಎಂಬುದನ್ನು ಗಮನಿಸಿ.

ನಮ್ಮ ಕರ್ತನು ಸಮಾರ್ಯದ ಸ್ತ್ರೀಗೆ ಜೀವಜಲದ ಮಾತು ಹೇಳುವ ಮೊದಲು, ನನಗೆ ಕುಡಿಯಲು ನೀರು ಕೊಡು ಎಂದು ಆಕೆಯನ್ನೇ ಕೇಳಿದನು. ಆತನಿಗೆ ನಿಜವಾಗಿಯೂ ದಣಿವಾಗಿತ್ತು. ಯೋಹಾನನು ಅದನ್ನು ಸ್ಪಷ್ಟವಾಗಿ ಬರೆದಿದ್ದಾನೆ. ಮುಂದಿನ ಸಲ ನೀವು ವಾರ್ಡಿಗೆ ಹೋದಾಗ ಕೊಡುವ ಮೊದಲು ಏನನ್ನಾದರೂ ಕೇಳಿ ನೋಡಿ.

ಉತ್ತರ: ಹಾವೇರಿ ಜಿಲ್ಲೆಯ ಒಬ್ಬ ಸಭಾಪಾಲಕ

ಸಹೋದರಿಯ ಮೊದಲನೆಯ ಪ್ರಶ್ನೆಗೆ ನೇರವಾದ ಉತ್ತರ ಕೊಡುತ್ತೇನೆ. ಸ್ವಾರ್ಥವಲ್ಲ. ಸ್ವಾರ್ಥವಾಗಿದ್ದರೆ ಅಪೊಸ್ತಲ ಪೌಲನಿಗಿಂತ ದೊಡ್ಡ ಸ್ವಾರ್ಥಿ ಇನ್ನೊಬ್ಬನಿಲ್ಲ. ಮಕೆದೋನ್ಯಕ್ಕೆ ಬಂದಾಗ ಹೊರಗೆ ಜಗಳ, ಒಳಗೆ ಭಯ ಎಂಬ ಸ್ಥಿತಿಯಲ್ಲಿದ್ದೆನೆಂದು ಅವನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಏಳನೆಯ ಅಧ್ಯಾಯದಲ್ಲಿ ಒಪ್ಪಿಕೊಳ್ಳುತ್ತಾನೆ. ಆಗ ದೇವರು ಅವನನ್ನು ಸಂತೈಸಿದ್ದು ದರ್ಶನದಿಂದಲ್ಲ, ಜೊತೆಗಾರನಾದ ತೀತನು ಬಂದು ಸೇರಿದ್ದರಿಂದ. ಸ್ತೆಫನ, ಫೊರ್ತುನಾತ, ಅಖಾಯಿಕ ಎಂಬ ಮೂವರು ಬಂದು ತನ್ನ ಆತ್ಮವನ್ನು ಉಪಶಮನಪಡಿಸಿದರೆಂದು ಮೊದಲನೆಯ ಪತ್ರದ ಕೊನೆಯಲ್ಲಿದೆ. ಒನೇಸಿಫೊರನು ತನ್ನ ಬೇಡಿಗೆ ನಾಚಿಕೊಳ್ಳದೆ ರೋಮಾಪುರದಲ್ಲಿ ಹುಡುಕಿಕೊಂಡು ಬಂದು ಅನೇಕ ಸಾರಿ ಚೇತರಿಸಿದನೆಂದು ತಿಮೊಥೆಗೆ ಬರೆದಿದ್ದಾನೆ. ಫಿಲಿಪ್ಪಿಯ ಸಭೆಯಂತೂ ಅವನೇ ಹುಟ್ಟಿಸಿ ಬೆಳೆಸಿದ ಸಭೆ. ಅವನು ಥೆಸಲೋನಿಕದಲ್ಲಿದ್ದಾಗಲೂ, ಸೆರೆಯಲ್ಲಿದ್ದಾಗಲೂ ಹಣ ಕಳುಹಿಸಿದವರು ಅವರು, ಎಪಫ್ರೊದೀತನನ್ನು ಉಪಚಾರಕ್ಕೆ ಕಳುಹಿಸಿದವರೂ ಅವರು. ಹಾಗೆ ಬಂದವನು ಸಾಯುವಷ್ಟು ಕಾಯಿಲೆ ಬಿದ್ದು, ಪೌಲನೇ ಅವನ ಚಿಂತೆ ಮಾಡಬೇಕಾಯಿತು ಎಂಬುದನ್ನು ಓದಿದಾಗಲೆಲ್ಲ ನನಗೆ ನಮ್ಮ ಸಭೆಗಳ ನೆನಪಾಗಿ ನಗು ಬರುತ್ತದೆ. ಯಾರು ಯಾರಿಗೆ ಸೇವೆ ಮಾಡಿದರೆಂದು ಅಲ್ಲಿ ಬಿಡಿಸಿ ಹೇಳಲಾಗುವುದಿಲ್ಲ.

ಹಿರಿಯ ಶುಶ್ರೂಷಕಿಯವರ ಮಾತಿಗೆ ನಾನು ಸೇರಿಸಬಯಸುವುದು ಒಂದಿದೆ. ನೀವು ಒಬ್ಬರೇ ಹೋಗುತ್ತಿರುವುದನ್ನು ನಡುವಿನಲ್ಲೆಲ್ಲೋ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗಿದ್ದೀರಿ. ನನಗೆ ಅದೇ ಮುಖ್ಯವಾಗಿ ಕಂಡಿತು. ಪ್ರವಾದಿ ಎಲೀಯನು ಅರಣ್ಯದಲ್ಲಿ ಗಿಡದ ಕೆಳಗೆ ಮಲಗಿ, ಸಾಕು ಕರ್ತನೇ, ನನ್ನ ಪ್ರಾಣವನ್ನು ತೆಗೆದುಕೋ ಎಂದಾಗ ದೇವರು ಅವನಿಗೆ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು, ನಿದ್ರೆ, ಮತ್ತೆ ರೊಟ್ಟಿ, ನೀರು. ಹೋರೇಬ್ ಬೆಟ್ಟದಲ್ಲಿ ಅವನು, ನಾನೊಬ್ಬನೇ ಉಳಿದಿದ್ದೇನೆ ಎಂದು ಎರಡು ಸಾರಿ ಹೇಳುತ್ತಾನೆ. ಅದಕ್ಕೆ ಸಿಕ್ಕ ಉತ್ತರದಲ್ಲಿ ಎಲೀಷನ ಹೆಸರಿದೆ, ಬಾಳನೆಂಬ ಅನ್ಯದೇವತೆಗೆ ಮೊಣಕಾಲೂರದ 7,000 ಜನರ ಲೆಕ್ಕವೂ ಇದೆ. ಜೊತೆಗಾರನನ್ನು ಕೊಡುವುದೇ ಅಲ್ಲಿ ದೇವರ ಉತ್ತರದ ಒಂದು ಭಾಗ.

ನಿಮ್ಮ ಸಭಾಪಾಲಕರ ಬಳಿ ಹೋಗಿ, ಇಬ್ಬರಿಗಿಂತ ಕಡಿಮೆ ಇದ್ದರೆ ಆ ವಾರ ಭೇಟಿ ನಡೆಯುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿಬಿಡಿ. ನಿಷ್ಠುರವೆನಿಸಬಹುದು. ಆದರೆ ನೀವು ಒಬ್ಬರೇ ಹೊತ್ತುಕೊಂಡಿರುವವರೆಗೆ ಬೇರೆಯವರು ಹೆಸರು ಕೊಟ್ಟು ಮನೆಯಲ್ಲೇ ಇರುತ್ತಾರೆ. ಪಾದ್ರಿಯಾಗಿ ಇದು ನನಗೆ ಚೆನ್ನಾಗಿ ಗೊತ್ತು. ಭೇಟಿ ಮುಗಿದ ಮೇಲೆ ನೇರವಾಗಿ ಮನೆಗೆ ಹೋಗದೆ ಇಬ್ಬರೂ ಎಲ್ಲಾದರೂ ಕುಳಿತು ಚಹಾ ಕುಡಿದು, ಕಂಡದ್ದನ್ನು ಮಾತನಾಡಿ, ನೋಡಿದ ಒಬ್ಬೊಬ್ಬರ ಹೆಸರು ಹೇಳಿ ಪ್ರಾರ್ಥಿಸಿರಿ. ವರದಿಯ ಲೆಕ್ಕ ಕೇಳುವವರಿಗೆ ಲೆಕ್ಕ ಕೊಡಿ, ಅದರಲ್ಲಿ ತಪ್ಪೇನಿಲ್ಲ. ಲೂಕ 10ರಲ್ಲಿ ಶಿಷ್ಯರು ಸಂತೋಷದಿಂದ ತಂದ ವರದಿಯನ್ನು ಯೇಸುಸ್ವಾಮಿ ಕೇಳಿಸಿಕೊಂಡನು. ಆದರೆ ನಿಮ್ಮ ಸಂತೋಷವನ್ನು ಅದರ ಮೇಲೆ ಇಡಬೇಡಿರಿ ಎಂದೂ ಅಲ್ಲಿಯೇ ಹೇಳಿದನು.

ಉತ್ತರ: ಬೆಂಗಳೂರಿನ ಓದುಗ

ಮೇಲಿನ ಎರಡು ಉತ್ತರಗಳನ್ನು ಗೌರವದಿಂದ ಓದಿದೆ. ಆದರೂ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸಬೇಕೆನಿಸುತ್ತದೆ.

ನನ್ನ ತಂದೆಯವರು ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿದ್ದಾಗ ನಾನು ಅವರ ಮಂಚದ ಪಕ್ಕದಲ್ಲಿದ್ದೆ. ಭೇಟಿಗೆ ಬಂದ ವಿಶ್ವಾಸಿಗಳಲ್ಲಿ ಕೆಲವರು ನಿಜವಾಗಿ ನೆರವಾದರು. ಇನ್ನು ಕೆಲವರು ತಮ್ಮ ಮನಸ್ಸಿನ ತೃಪ್ತಿಗಾಗಿಯೇ ಬಂದವರಂತೆ ಕಂಡರು. ಉಸಿರಾಡಲು ಕಷ್ಟಪಡುತ್ತಿದ್ದ ಮನುಷ್ಯನ ಮುಂದೆ ಕುಳಿತು ತಮ್ಮ ಮನೆಯ ಕಷ್ಟಗಳನ್ನು ಹೇಳಿಕೊಂಡರು, ನಿಮ್ಮನ್ನು ನೋಡಿ ನಮಗೆ ಬಹಳ ಧೈರ್ಯ ಬಂತು ಎಂದರು, ಫೋಟೋ ತೆಗೆದುಕೊಂಡು ಹೋದರು. ಅವರು ಹೋದ ಮೇಲೆ ತಂದೆಯವರು ಇನ್ನಷ್ಟು ಬಳಲಿರುತ್ತಿದ್ದರು. ರೋಗಿಯು ನಮಗೆ ಏನಾದರೂ ಕೊಡಲಿ ಎಂಬ ಮಾತು ಕೇಳಲು ಚೆನ್ನಾಗಿದೆ. ಕೊಡುವ ಶಕ್ತಿಯೇ ಇಲ್ಲದವನ ಬಳಿ ಅದು ಹೊರೆಯಾಗುತ್ತದೆ. ಪ್ರಜ್ಞೆ ತಪ್ಪಿ ಮಲಗಿದವನು ಮಲ್ಲಿಗೆ ಕಟ್ಟಲಾರನು.

ಲೂಕ 17:10ರಲ್ಲಿ ಕರ್ತನು ಕಲಿಸಿದ್ದು ಬೇರೆ. ಅಪ್ಪಣೆಯಾದದ್ದನ್ನೆಲ್ಲಾ ಮಾಡಿ ಮುಗಿಸಿದ ಮೇಲೆ, ನಾವು ಆಳುಗಳು, ಮಾಡಬೇಕಾದದ್ದನ್ನೇ ಮಾಡಿದ್ದೇವೆ ಎನ್ನಿರಿ ಎಂದನು. ಸಹೋದರಿಯು ಹೋಗುತ್ತಾರೆ, ಹಂಚುತ್ತಾರೆ, ಬರುತ್ತಾರೆ. ಅಷ್ಟು ಸಾಕಲ್ಲವೇ? ಮನಸ್ಸಿಗೆ ಹೇಗೆ ಅನಿಸಿತು ಎಂಬುದನ್ನು ಅಳೆಯುವ ಅಭ್ಯಾಸ ನಮಗೆ ಈಚೆಗೆ ಅಂಟಿಕೊಂಡದ್ದೆಂದು ನನಗೆ ತೋರುತ್ತದೆ. ಅವರು ತಂದ ಹೊದಿಕೆಯಿಂದ ವರಾಂಡದಲ್ಲಿ ಮಲಗಿದವನಿಗೆ ಆ ರಾತ್ರಿ ಚಳಿ ತಪ್ಪಿತು. ಹೊದಿಸಿದವಳ ಮನಸ್ಸು ಬರಡಾಗಿತ್ತೆಂಬ ಕಾರಣಕ್ಕೆ ಹೊದಿಕೆಯ ಬಿಸಿ ಕಡಿಮೆಯಾಗುವುದಿಲ್ಲ.

ಉತ್ತರ: ಕಂಕನಾಡಿಯಿಂದ

ನಾನು ಕಥೋಲಿಕ, ಮಂಗಳೂರಿನಲ್ಲಿ ನಮ್ಮ ಚರ್ಚಿನ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯ. ಬೆಂಗಳೂರಿನವರ ಕೊನೆಯ ವಾಕ್ಯವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಅದಕ್ಕೆ ದೊಡ್ಡ ಸಾಕ್ಷಿ ಮದರ್ ತೆರೇಸಾ. ಅವರ ಪತ್ರಗಳು 2007ರಲ್ಲಿ ಪ್ರಕಟವಾದಾಗ ನಮ್ಮಲ್ಲಿ ಅನೇಕರಿಗೆ ಆಘಾತವಾಗಿತ್ತು. ಕೊಲ್ಕತ್ತದ ಬೀದಿಗಳಲ್ಲಿ ಕೆಲಸ ಆರಂಭಿಸಿದ ಸ್ವಲ್ಪ ಕಾಲದಲ್ಲೇ ಅವರ ಪ್ರಾರ್ಥನೆಯಿಂದ ಎಲ್ಲ ಸಾಂತ್ವನವೂ ಹೊರಟುಹೋಗಿ, ದೇವರು ಇಲ್ಲವೇನೋ ಎಂಬಂಥ ಕತ್ತಲು ದಶಕಗಳ ಕಾಲ ಉಳಿದಿತ್ತೆಂದು ಅವು ತಿಳಿಸಿದವು. ಹೊರಗೆ ಮುಗುಳ್ನಗೆ, ಒಳಗೆ ಬರಡು. ಸೇವೆ ಮಾಡಿದರೆ ಉಲ್ಲಾಸ ತಾನಾಗಿ ಬರುತ್ತದೆ ಎಂದು ಸಹೋದರಿಗೆ ಉಪದೇಶ ಮಾಡುವವರು ಆ ಪತ್ರಗಳನ್ನು ಒಮ್ಮೆ ನೋಡಬೇಕು. ಸಹೋದರಿಯ ಬೇಸರವು ವಿಶ್ವಾಸದ ಕೊರತೆಯ ಗುರುತಲ್ಲ ಎಂಬುದಂತೂ ಅದರಿಂದ ಖಚಿತ.

ಆದರೆ ಅದೇ ಮದರ್ ತೆರೇಸಾ ಮಾಡಿದ ಇನ್ನೊಂದು ಏರ್ಪಾಡು ಅಷ್ಟಾಗಿ ಜನರಿಗೆ ಗೊತ್ತಿಲ್ಲ, ಮತ್ತು ಅದು ಈ ಚರ್ಚೆಯ ಮಧ್ಯಕ್ಕೇ ಬರುತ್ತದೆ. ಬೆಲ್ಜಿಯಮಿನ ಜಾಕ್ಲಿನ್ ದ ಡೆಕರ್ ಎಂಬ ಮಹಿಳೆ ಭಾರತದಲ್ಲಿ ಬಡವರ ಸೇವೆ ಮಾಡಬೇಕೆಂದು ಬಂದು, 1948ರಲ್ಲಿ ಪಟ್ನಾದಲ್ಲಿ ಮದರ್ ತೆರೇಸಾ ಅವರನ್ನು ಕಂಡಿದ್ದರು. ಅವರ ಜೊತೆ ಸೇರುವ ಆಸೆಯಿತ್ತು. ಬೆನ್ನುಹುರಿಯ ಕಾಯಿಲೆ ಉಲ್ಬಣಿಸಿ ಊರಿಗೆ ಮರಳಬೇಕಾಯಿತು. ಒಂದರ ಮೇಲೊಂದು ಶಸ್ತ್ರಚಿಕಿತ್ಸೆಗಳಾದವು. 1950ರ ದಶಕದ ಆರಂಭದಲ್ಲಿ ಮದರ್ ತೆರೇಸಾ ಅವರಿಗೆ ಬರೆದು, ನೀವು ಅಲ್ಲಿ ಹಾಸಿಗೆಯಲ್ಲಿ ನಿಮ್ಮ ನೋವನ್ನೂ ಪ್ರಾರ್ಥನೆಯನ್ನೂ ನಮ್ಮ ಕೆಲಸಕ್ಕಾಗಿ ಅರ್ಪಿಸಿ, ನಾವು ಇಲ್ಲಿ ಮಾಡುವ ಕೆಲಸದಲ್ಲಿ ನೀವೂ ಪಾಲುಗಾರರು ಎಂದು ಕೇಳಿಕೊಂಡರು. ಮುಂದೆ ಒಬ್ಬೊಬ್ಬ ಸಿಸ್ಟರಿಗೂ ಹೀಗೆ ಒಬ್ಬ ರೋಗಿ ಜೊತೆಯಾಗುವ ವ್ಯವಸ್ಥೆಯೇ ಬೆಳೆಯಿತು. ಎಲ್ಲಿಯೋ ಮಂಚ ಬಿಟ್ಟು ಏಳಲಾಗದ ಒಬ್ಬರು, ಕೊಲ್ಕತ್ತದಲ್ಲಿ ಓಡಾಡುವ ಒಬ್ಬರನ್ನು ಹೆಸರು ಹಿಡಿದು ಹೊತ್ತುಕೊಳ್ಳುವುದು. ಒಳಗೆ ಅಷ್ಟು ಬರಡನ್ನು ಅನುಭವಿಸಿದ ಮನುಷ್ಯಳು ಬಲಕ್ಕಾಗಿ ಕೈಚಾಚಿದ್ದು ರೋಗಿಗಳ ಕಡೆಗೆ. ಕೊಡುವ ಶಕ್ತಿ ಇಲ್ಲದವನಿಗೆ ಅದು ಹೊರೆಯೆಂದು ಬೆಂಗಳೂರಿನ ಸಹೋದರರು ಹೇಳಿದರು. ತಂದೆಯವರ ಮಂಚದ ಬಳಿ ಅವರು ಕಂಡದ್ದು ಹೊರೆಯೇ, ಸಂಶಯವಿಲ್ಲ: ಬಂದವರು ಕೇಳದೆಯೇ ತೆಗೆದುಕೊಂಡು ಹೋದರು. ದ ಡೆಕರ್ ಅವರನ್ನು ಕೇಳಲಾಯಿತು, ಅವರು ಒಪ್ಪಿಕೊಟ್ಟರು. ನಾನು ಇನ್ನು ಯಾರಿಗೂ ಬೇಡವಾದವಳು ಎಂದುಕೊಂಡು ಮಲಗಿದವರಿಗೆ, ನೀವು ನಮಗೆ ಬೇಕು ಎಂಬ ಮಾತೇ ಒಂದು ಸೇವೆಯಾಗುತ್ತದೆ.

ನಮ್ಮ ವಿನ್ಸೆಂಟ್ ಸಭೆಯ ಪದ್ಧತಿಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಸಭಾಪಾಲಕರ ಸಲಹೆಗೆ ಅದು ಹತ್ತಿರವಾಗಿದೆ. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಒಜಾನಾಂ ಎಂಬ ವಿದ್ಯಾರ್ಥಿ ಗೆಳೆಯರೊಂದಿಗೆ ಇದನ್ನು ಆರಂಭಿಸಿದಾಗಿನಿಂದ ಬಡವರ ಮನೆಗೇ ಹೋಗಿ ಅವರನ್ನು ಕಾಣುವುದು ನಮ್ಮ ಮುಖ್ಯ ಕೆಲಸ. ಇಬ್ಬರು ಕೂಡಿ ಹೋಗುವುದು ವಾಡಿಕೆ. ಹೋಗಿ ಬಂದದ್ದನ್ನು ಕೂಟದಲ್ಲಿ ಹೇಳಬೇಕು, ಉಳಿದವರು ಕೇಳಬೇಕು. ಆ ಮನೆಯ ಗುಟ್ಟು ಹೊರಗೆ ಹೋಗಬಾರದು. ಇದರಲ್ಲಿ ಭಕ್ತಿಯ ಉಬ್ಬರವೇನೂ ಇಲ್ಲ, ಎಷ್ಟೋ ಸಲ ಕೂಟ ನೀರಸವಾಗಿಯೇ ಇರುತ್ತದೆ. ಆದರೆ ಕಂಡ ದುಃಖವನ್ನು ಒಬ್ಬರೇ ಮನೆಗೆ ಹೊತ್ತುಕೊಂಡು ಹೋಗುವ ಕಷ್ಟ ತಪ್ಪುತ್ತದೆ.

ಹುಬ್ಬಳ್ಳಿಯ ಸಹೋದರಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಬೆಂಗಳೂರಿನ ಸಹೋದರರಿಗೆ ವಿಶೇಷವಾಗಿ. ಅವರ ಮಾತು ಕಠಿಣವಾಗಿ ಕಂಡರೂ ಹೊದಿಕೆಯ ವಾಕ್ಯ ಓದಿದಾಗ ಮನಸ್ಸಿನ ಮೇಲಿನ ಭಾರ ಇಳಿದಂತಾಯಿತು. ಮುಂದಿನ ಭಾನುವಾರ ಆರಾಧನೆಯ ನಂತರ ನಮ್ಮ ಅಯ್ಯನವರ ಬಳಿ ಇಬ್ಬರ ನಿಯಮದ ವಿಷಯ ಮಾತನಾಡುತ್ತೇನೆ.

ಆದರೆ ಕೇಳುವ ವಿಷಯದಲ್ಲಿ ನನಗೊಂದು ಅಳುಕಿದೆ. ನಾವು ಕಾಣುವವರಲ್ಲಿ ಕ್ರೈಸ್ತರು ಬಹಳ ಕಡಿಮೆ. ಅನುಮಾನದಿಂದ ನೋಡುವ ಸಂಬಂಧಿಕರ ಮುಂದೆ, ನನಗಾಗಿ ಪ್ರಾರ್ಥಿಸಿ ಎಂದು ಬೇರೆ ಧರ್ಮದ ರೋಗಿಯನ್ನು ಕೇಳಿದರೆ ಅದಕ್ಕೆ ಏನೇನೋ ಅರ್ಥ ಬಂದೀತು. ಇನ್ನೊಂದು ಕಷ್ಟವೆಂದರೆ ಅವರಲ್ಲಿ ಹೆಚ್ಚಿನವರು ಮುಂದಿನ ವಾರದ ಹೊತ್ತಿಗೆ ಡಿಸ್ಚಾರ್ಜ್ ಆಗಿ ಹೋಗಿರುತ್ತಾರೆ. ಗುಣವಾಯಿತೋ ಇಲ್ಲವೋ ತಿಳಿಯುವುದೇ ಇಲ್ಲ. ಬಹಳ ದಿನ ಒಂದೇ ವಾರ್ಡಿನಲ್ಲಿದ್ದ ಆ ಶಂಕರಪುರದ ಅಮ್ಮನಂಥವರು ನನಗೆ ಸಿಗುವುದು ಅಪರೂಪ. ಒಂದೇ ಭೇಟಿಯಲ್ಲಿ ಇದು ಸಾಧ್ಯವೇ?

ಉಡುಪಿಯ ನಿವೃತ್ತ ಶುಶ್ರೂಷಕಿ

ಪ್ರಾರ್ಥನೆಯನ್ನು ಕೇಳಲೇಬೇಡಿ. ನಿಮ್ಮ ಅಳುಕು ಸರಿಯಾದದ್ದು. ಡೇವಿಡ್ ತಾಸ್ಮಾ ಕ್ರೈಸ್ತನಾಗಿರಲಿಲ್ಲ, ನಮ್ಮ ಶಂಕರಪುರದ ಅಮ್ಮನೂ ಅಲ್ಲ. ಇಬ್ಬರೂ ಕೊಟ್ಟದ್ದು ತಮ್ಮ ಕೈಯಲ್ಲಿದ್ದುದನ್ನು. ಚಾರೆಪ್ತದ ವಿಧವೆಯ ಕಥೆಯನ್ನು ನೆನಪು ಮಾಡಿಕೊಳ್ಳಿ. ಆಕೆ ಇಸ್ರಾಯೇಲ್ಯಳಲ್ಲ, ಆದರೂ ಎಲೀಯನನ್ನು ಸಾಕುವುದಕ್ಕೆ ದೇವರು ನೇಮಿಸಿದ್ದು ಆಕೆಯನ್ನೇ. ಪ್ರವಾದಿಯು ಆಕೆಯಿಂದ ಕೇಳಿದ್ದು ಕುಡಿಯುವ ನೀರು ಮತ್ತು ಒಂದು ಚಿಕ್ಕ ರೊಟ್ಟಿ.

ಒಂದೇ ಭೇಟಿಯಲ್ಲಿ ಸಾಧ್ಯವೇ ಎಂದು ಕೇಳಿದ್ದೀರಿ. ಸಾಧ್ಯ, ಆದರೆ ಬಹುಶಃ ರೋಗಿಯಿಂದಲ್ಲ. ಈ ಮಟ್ಟಿಗೆ ಬೆಂಗಳೂರಿನವರ ಎಚ್ಚರಿಕೆಯನ್ನು ನಾನೂ ಒಪ್ಪುತ್ತೇನೆ. ವರಾಂಡದಲ್ಲಿ ಚಾಪೆ ಹಾಸಿಕೊಂಡಿರುವವರ ಕಡೆ ಹೆಚ್ಚು ಗಮನ ಕೊಡಿ. ಅವರು ಊರಿನಲ್ಲಿ ಹೊಲ ಮಾಡಿದವರು, ಮನೆ ನಡೆಸಿದವರು, ದನ ಕಟ್ಟಿದವರು. ಆಸ್ಪತ್ರೆಗೆ ಬಂದೊಡನೆ ಎಲ್ಲರೂ ಅವರನ್ನು ಗದರುವವರೇ: ಇಲ್ಲಿ ಕೂರಬೇಡಿ, ಅಲ್ಲಿ ನಿಲ್ಲಬೇಡಿ, ಕಿಟಕಿ ಮುಚ್ಚಿತು ನಾಳೆ ಬನ್ನಿ. ಅಂಥವರ ಪಕ್ಕದಲ್ಲಿ ನೀವೂ ಚಾಪೆಯ ಮೇಲೆ ಕುಳಿತು, ನಿಮ್ಮ ಕಡೆ ಈ ವರ್ಷ ಜೋಳ ಹೇಗಿದೆ, ರೊಟ್ಟಿ ಇಷ್ಟು ತೆಳ್ಳಗೆ ಬಡಿಯುವುದು ಹೇಗೆ ಎಂದು ನಿಜವಾಗಿ ತಿಳಿದುಕೊಳ್ಳುವುದಕ್ಕಾಗಿ ಕೇಳಿ. ಅವರು ಬುತ್ತಿ ಬಿಚ್ಚಿ ಒಂದು ತುಂಡು ಕೊಟ್ಟರೆ, ಬೇಡ, ನಿಮಗೇ ಇರಲಿ ಎನ್ನದೆ ತೆಗೆದುಕೊಂಡು ಅಲ್ಲಿಯೇ ತಿನ್ನಿ. ಬೇಡವೆನ್ನುವುದು ನಮಗೆ ವಿನಯವಾಗಿ ಕಾಣುತ್ತದೆ, ಕೊಡುವವರಿಗೆ ಹಾಗೆ ಕಾಣುವುದಿಲ್ಲ.

ಹೊಸದಾಗಿ ಬಂದವರಿಗೆ ಪ್ರಯೋಗಾಲಯದ ದಾರಿ, ಔಷಧಿಯ ಕಿಟಕಿ, ಕಾರ್ಡಿನ ಕಾಗದಗಳ ವಿಷಯ ಹೇಳುವ ಕೆಲಸವನ್ನೂ ನೀವೇ ಮಾ‌ಡಬೇಕೆಂದಿಲ್ಲ. ಹತ್ತು ದಿನದಿಂದ ಅಲ್ಲಿಯೇ ಇರುವವರಿಗೆ ಅದು ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅವರನ್ನು ಕೇಳಿ ಹೊಸಬರ ಜೊತೆ ಮಾಡಿ. ಮುಂದಿನ ವಾರ ನೀವು ಹೋಗುವಷ್ಟರಲ್ಲಿ ಕೆಲವರು ಹೊರಟುಹೋಗಿರುತ್ತಾರೆ, ನಿಜ. ಅವರಿಂದ ದಾರಿ ತಿಳಿದುಕೊಂಡ ಹೊಸಬರು ಅಲ್ಲಿರುತ್ತಾರೆ, ಹೋದವರ ಸುದ್ದಿಯನ್ನು ಹೆಚ್ಚು ಕಡಿಮೆ ಅವರೇ ನಿಮಗೆ ಹೇಳುತ್ತಾರೆ. ಇದನ್ನು ಆರಂಭಿಸುವ ಮೊದಲು ವಾರ್ಡಿನ ಸಿಸ್ಟರಿಗೆ ಒಂದು ಮಾತು ತಿಳಿಸಿ ಒಪ್ಪಿಗೆ ಪಡೆಯಿರಿ, ಮತ್ತು ಡ್ರೆಸ್ಸಿಂಗ್ ನಡೆಯುವ ಹೊತ್ತನ್ನು ಬಿಟ್ಟು ಹೋಗಿ.